ಲೆಂಕೋಗೆ ಹೊಸ ಪೀಠ

ಟರ್ನ್‌ಟೇಬಲ್, ಅಂದರೆ ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರದ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಪುಟ್ಟ ಭಾಗ) ಯಾವುದು ಅಂತ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಅದು ಮೊದಲು ಹೋಗಬೇಕಾದದ್ದು ಪ್ಲಿಂತ್‌ಗೆ, ಅಂದರೆ ಯಂತ್ರ ಕೂರುವ ಮರದ ಪೀಠಕ್ಕೆ. ಕಳೆದ ತಿಂಗಳ ಒಂದು ಭಾನುವಾರ ಈ ಮಾತು ನನಗೆ ಖಾತ್ರಿಯಾಯಿತು.

ನನ್ನದು ಸ್ವಿಟ್ಜರ್ಲೆಂಡಿನ ಲೆಂಕೋ ಎಲ್75, ಸೆಕೆಂಡ್‌ಹ್ಯಾಂಡ್. ಪ್ಲ್ಯಾಟರ್, ಅಂದರೆ ತಟ್ಟೆ ಕೂರುವ ತಿರುಗುವ ಲೋಹದ ಚಕ್ರ, ಒಂದೇ ಸುಮಾರು 4 ಕೆ.ಜಿ. ತೂಗುತ್ತದೆ. ಅದನ್ನು ತಿರುಗಿಸಲು ಇದಕ್ಕೆ ಬೆಲ್ಟ್ ಇಲ್ಲ. ಮೋಟಾರಿನ ದಂಡ ತುದಿಗೆ ಹೋಗುತ್ತಾ ಸಪೂರವಾಗುತ್ತದೆ. ಅದಕ್ಕೆ ತಾಗಿ ನಿಂತ ರಬ್ಬರ್ ಚಕ್ರ ಪ್ಲ್ಯಾಟರನ್ನು ಕೆಳಗಿನಿಂದ ತಿರುಗಿಸುತ್ತದೆ. ಚಕ್ರವನ್ನು ದಂಡದ ಮೇಲೆ ಅತ್ತಿತ್ತ ಸರಿಸಿದರೆ ನಿಮಿಷಕ್ಕೆ 33⅓, 45, 78 ಸುತ್ತು ಅಷ್ಟೇ ಅಲ್ಲ, ನಡುವಿನ ವೇಗಗಳೂ ಸಿಗುತ್ತವೆ. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ರಲ್ಲೇ ಮುದ್ರಣವಾದವಲ್ಲ, ಹಾಗಾಗಿ ಈ ಸೌಲಭ್ಯಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಆದರೆ ಮೋಟಾರಿನ ನಡುಕವೂ ಅದೇ ಚಕ್ರ ಹಿಡಿದು ಮೇಲೆ ಬರುತ್ತದೆ. ಪೀಠವೆಂದು ಜೊತೆಗೆ ಬಂದ ಪೆಟ್ಟಿಗೆಯೋ ಹಗುರ, ಒಳಗೆಲ್ಲ ಪೊಳ್ಳು. ಹಾಡಿನ ಅಡಿಯಲ್ಲಿ ಸದಾ ಒಂದು ಗುರ್ ಸದ್ದು.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ 18 ಮಿ.ಮೀ. ಪ್ಲೈವುಡ್ ತಂದು, ಮೋಟಾರಿಗೂ ಲಿವರುಗಳಿಗೂ ಜಾಗ ಬಿಟ್ಟು ಕತ್ತರಿಸಿ, ಐದು ಹಲಗೆಗಳನ್ನು ಒಂದರ ಮೇಲೊಂದು ಫೆವಿಕಾಲ್ ಹಚ್ಚಿ ಕ್ಲ್ಯಾಂಪ್ ಬಿಗಿದಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಪ್ಲ್ಯಾಟರಿನ ಬೇರಿಂಗ್ ಬಿಚ್ಚಿದೆ. ಹಳೆಯ ಎಣ್ಣೆ ಕಪ್ಪಗೆ ಅಂಟಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸ ಎಣ್ಣೆ ಬಿಟ್ಟು, ಪ್ಲ್ಯಾಟರ್ ಕೂರಿಸಿ ಬೆರಳಲ್ಲಿ ಒಮ್ಮೆ ತಿರುಗಿಸಿದರೆ ನಿಲ್ಲುವ ಸೂಚನೆಯೇ ಇಲ್ಲ! ಯಂತ್ರದ ಲೋಹದ ಮೇಲ್ಫಲಕವನ್ನು ಸ್ಪ್ರಿಂಗ್ ಇಲ್ಲದೆ ನೇರ ಪ್ಲೈವುಡ್ಡಿಗೇ ಬೋಲ್ಟ್ ಹಾಕಿದೆ. ನಡುಕ ಆ ದಪ್ಪ ಮರಕ್ಕೆ ಇಳಿದು ಅಲ್ಲೇ ಸಾಯಲಿ ಎಂಬುದು ಲೆಕ್ಕ.

ವೇಗ ನೋಡಲು ಪ್ಲ್ಯಾಟರ್ ಮೇಲಿಡುವ 180 ಗೆರೆಗಳ ಬಿಲ್ಲೆ, ಸ್ಟ್ರೋಬ್ ಡಿಸ್ಕ್, ಸಾಕು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, 33⅓ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಈಗಿನ ಒಳ್ಳೆಯ ಎಲ್‌ಇಡಿ ಬಲ್ಬುಗಳಲ್ಲಿ ಆ ಮಿನುಗು ಇರುವುದಿಲ್ಲ, ಗೆರೆಗಳು ಕಲಸಿಹೋಗುತ್ತವೆ. ಸ್ವಿಚ್‌ಬೋರ್ಡಿನ ಇಂಡಿಕೇಟರಿನಲ್ಲಿರುವ ಪುಟ್ಟ ನಿಯಾನ್ ಹತ್ತಿರ ಹಿಡಿದು ವೇಗದ ಲಿವರ್ ಕೂದಲೆಳೆಯಷ್ಟು ಸರಿಸಿದೆ. ಗೆರೆಗಳು ನಿಂತವು.

ಕಾರ್ಟ್ರಿಜ್ ಹಳೆಯದೇ, ಆಡಿಯೋ ಟೆಕ್ನಿಕಾ ವಿಎಂ95ಇ. ಸೂಜಿ ತಟ್ಟೆಯ ಮೇಲೆ ಊರುವ ಭಾರ 2 ಗ್ರಾಂ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆ. ಎಷ್ಟೋ ವರ್ಷಗಳಿಂದ ಕೇಳಿದ ತಟ್ಟೆ ಅದು. ಹಿಂದೆ ತಂಬೂರಿ ಇದೆಯೆಂದು ಗೊತ್ತಿತ್ತು, ಅಷ್ಟೇ. ಅವತ್ತು ಒಂದೊಂದು ತಂತಿಯ ಮೀಟು ಬೇರೆಬೇರೆಯಾಗಿ ಕಿವಿಗೆ ಬಿತ್ತು. ಅವರು ಉಸಿರೆಳೆದುಕೊಂಡು ತಾನಿಗೆ ಹೊರಡುವುದೂ ಕೇಳಿಸಿತು. ಸೂಜಿಯನ್ನು ಮುಟ್ಟಿರಲಿಲ್ಲ, ಆಂಪ್ಲಿಫೈಯರ್ ಬದಲಿಸಿರಲಿಲ್ಲ. ಹೋದದ್ದು ಆ ಗುರ್ ಒಂದೇ. ಲಕ್ಷಗಟ್ಟಲೆ ಸುರಿದು ಕೊಳ್ಳುವ ಯಂತ್ರಗಳಲ್ಲೂ ಬೆಲೆಯ ದೊಡ್ಡ ಪಾಲು ಹೋಗುವುದು ಹೀಗೆ ಸದ್ದಡಗಿಸುವುದಕ್ಕೇ.

ಇನ್ನು ಟೋನ್‌ಆರ್ಮ್‌ನ, ಅಂದರೆ ಕಾರ್ಟ್ರಿಜ್ ಹೊತ್ತ ತೋಳಿನ ಸರದಿ. ಅದು ಆಡುವ ಕತ್ತಿಯಲುಗಿನಂಥ ಪಿವಟ್ ಕೂರುವ, ವಿ ಆಕಾರದ ಸೀಳಿರುವ ವಿ-ಬ್ಲಾಕುಗಳು ಹಳತಾಗಿ ಪುಡಿಯಾಗುವುದು ಈ ಮಾಡೆಲ್ಲಿಗೆ ಅಂಟಿದ ಕಾಯಿಲೆ. ಹಿತ್ತಾಳೆಯಲ್ಲಿ ಮಾಡಿಸಲು ಪೀಣ್ಯದಲ್ಲಿ ಅಳತೆ ಕೊಟ್ಟಿದ್ದೇನೆ. ಅದಾದ ಮೇಲೆಯೇ ಈಗಿರುವ ಹಸಿರು ಸೂಜಿ ಕಿತ್ತು, ತುದಿ ಇನ್ನೂ ನವುರಾದ ಕೆಂಪು ಮೈಕ್ರೋಲೀನಿಯರ್ ಸೂಜಿ ಹಾಕುವುದು. ಕಾರ್ಟ್ರಿಜ್‌ನ ಬಾಡಿ ಎರಡಕ್ಕೂ ಒಂದೇ, ಹೊಸದು ಕೊಳ್ಳಬೇಕಾಗಿಲ್ಲ.