ಮಗಳ ಆಟದ ಮೂಲೆ: ಜೋಕಾಲಿ ಕಟ್ಟಿಯಾಯಿತು, ಹಿಟ್ಟು ನಾದುವುದು ಶುರುವಾಯಿತು

ಕಳೆದ ಬಾರಿ ಬರೆದಾಗ ಜೋಕಾಲಿಗೆ ಜಾಗವಷ್ಟೇ ಗೊತ್ತಾಗಿತ್ತು. ಈಗ ಅದನ್ನು ಕಟ್ಟಿಯಾಗಿದೆ. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ, ಅಂಗಿಯ ಲೇಬಲ್ ಕುತ್ತಿಗೆಗೆ ತಗುಲಿದರೆ ಅಳುವ, ಆದರೆ ಸೋಫಾದಿಂದ ಧುಮುಕುವುದನ್ನು ಮಾತ್ರ ಬಿಡದ ಆರು ವರ್ಷದ ಮಗಳಿಗೆ ನೆಮ್ಮದಿ ಕೊಡುವ ಆಟಗಳಿಗಾಗಿ ನಡುಮನೆಯ ಒಂದು ಮೂಲೆಯನ್ನು ಸಜ್ಜುಗೊಳಿಸುತ್ತಿದ್ದೇವೆ.

ಜೋಕಾಲಿಯನ್ನು ತೊಲೆಯ ಎರಡು ಕೊಕ್ಕೆಗಳಿಗೆ ಕಟ್ಟಿಸಿದೆವು. ಒಂದೇ ಕೊಕ್ಕೆಯಾದರೆ ಅದು ಗಿರಗಿರನೆ ತಿರುಗುತ್ತದೆ. ತಿರುಗುವಿಕೆಯನ್ನು ಗ್ರಹಿಸುವ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಿಗೆ ಅದು ಬಲವಾದ ಪ್ರಚೋದನೆಯಾಗಿ, ಕೆಲವು ಮಕ್ಕಳಿಗೆ ವಾಕರಿಕೆಯೂ ಬರುತ್ತದೆ. ಒಂದೇ ಲಯದಲ್ಲಿ ಹಿಂದೆ ಮುಂದೆ ತೂಗುವುದು ಮಕ್ಕಳನ್ನು ಶಾಂತಗೊಳಿಸುತ್ತದೆ ಎಂಬುದನ್ನು ತೊಟ್ಟಿಲು ತೂಗಿದವರಿಗೆ ವಿವರಿಸಬೇಕಿಲ್ಲ. ಕೆಳಗೆ ದಪ್ಪನೆಯ ಹಾಸಿಗೆ ಹಾಸಿದ್ದೇವೆ, ದೊಡ್ಡವರು ಹತ್ತಿರ ಇಲ್ಲದಾಗ ಬಿಚ್ಚಿಡುತ್ತೇವೆ.

ನನ್ನ ಮಟ್ಟಿಗೆ ಈ ತಿಂಗಳ ದೊಡ್ಡ ಗಳಿಕೆ ಚಪಾತಿ ಹಿಟ್ಟು. ಒತ್ತುವ, ಎಳೆಯುವ, ಭಾರ ಹೊರುವ ಕೆಲಸಗಳಲ್ಲಿ ಸ್ನಾಯು ಮತ್ತು ಕೀಲುಗಳಿಂದ ಮಿದುಳಿಗೆ ತಲುಪುವ ಸಂವೇದನೆ ಹಲವು ಮಕ್ಕಳಿಗೆ ನೆಮ್ಮದಿ ಕೊಡುತ್ತದೆ ಎಂದು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ, ಆಟಗಳ ಮೂಲಕ ಚಿಕಿತ್ಸೆ ಕೊಡುವವರು) ಹೇಳಿದ್ದರು. ಹಸಿ ಹಿಟ್ಟು ಬೆರಳಿಗೆ ಮೆತ್ತಿದರೆ ಅವಳಿಗೆ ಸಹಿಸಲಾಗದು; ಆದ್ದರಿಂದ ನಮ್ಮತ್ತೆ ಕಲಸಿ, ಎಣ್ಣೆ ಸವರಿ, ಕೈಗಂಟದ ಹದಕ್ಕೆ ತಂದ ಮೇಲೆಯೇ ಅವಳ ಮುಂದಿಡುತ್ತಾರೆ. ಅವಳು ಮೊಣಕಾಲೂರಿ, ಅಂಗೈ ಬುಡದಿಂದ, ಮೈಭಾರವನ್ನೆಲ್ಲ ಬಿಟ್ಟು ನಾದುತ್ತಾಳೆ. ಆಮೇಲೆ "ಅಜ್ಜಿ, ಈಗ ಮಿಕ್ಸಿ ಹಾಕು" ಎಂದು ತಾನೇ ಹೇಳಿ, ಕಿವಿಗೆ ಕೈಯಿಟ್ಟುಕೊಂಡು ನಿಂತಲ್ಲೇ ನಿಲ್ಲುತ್ತಾಳೆ. ಸದ್ದು ಯಾವಾಗ ಬರುತ್ತದೆಂದು ಮೊದಲೇ ತಿಳಿದಿರುವುದೂ ಇದಕ್ಕೆ ಕಾರಣವಿರಬಹುದಾದ್ದರಿಂದ ಫಲವೆಲ್ಲ ಹಿಟ್ಟಿನದೇ ಎನ್ನಲಾರೆ.

ಈ ಎಚ್ಚರ ಅಗತ್ಯ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಎ. ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಸಂವೇದನಾ ಸಮನ್ವಯದ (ಇಂದ್ರಿಯಗಳಿಂದ ಬರುವ ಸಂವೇದನೆಗಳನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯ) ಸಿದ್ಧಾಂತದಿಂದಲೇ ಇಂಥ ಚಟುವಟಿಕೆಗಳು ಬೆಳೆದುಬಂದವು; ಆದರೆ ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲಿ, ಇವುಗಳ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತವೆಂದೂ, ಫಲ ಸಿಗುತ್ತಿದೆಯೇ ಎಂಬುದನ್ನು ಕುಟುಂಬದವರು ಗಮನಿಸುತ್ತಿರಬೇಕೆಂದೂ ಹೇಳಿತು. ಹಾಗಾಗಿ ಹಿಟ್ಟು ನಾದಿದ ದಿನ ಯಾವುದು, ನಾದದೇ ಇದ್ದ ದಿನ ಯಾವುದು ಎಂದು ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದೇನೆ. ಮೈಮೇಲೆ ಒತ್ತಲೆಂದು ಒಳಗೆ ತೂಕ ತುಂಬಿ ಹೊಲಿದ ಭಾರದ ಹೊದಿಕೆಯನ್ನು ಕೊಳ್ಳಲಿಲ್ಲ. ಚಿಕ್ಕ ಮಕ್ಕಳು ಅದರಡಿ ಸಿಕ್ಕಿಕೊಳ್ಳುವ ಅಪಾಯವಿದೆ.

ಕೈಯಾಡಿಸಿ ಆಡಲೆಂದು ಇಟ್ಟ, ರಾಗಿ ತುಂಬಿದ ಬೋಗುಣಿಗೆ ಇನ್ನೂ ಸೌಟು ಮಾತ್ರ ಇಳಿದಿದೆ, ಕೈ ಇಳಿದಿಲ್ಲ. ಒತ್ತಾಯಿಸುವುದಿಲ್ಲ. ಬೆಳಗಿನ ಪ್ರಾರ್ಥನೆಯ ಗದ್ದಲಕ್ಕೆ ಮುಂಚೆ ಅವಳು ಎರಡೂ ಕೈಗಳಿಂದ ಗೋಡೆಯನ್ನು ಬಲವಾಗಿ ಒತ್ತಿ ನಿಲ್ಲಲು ಬಿಡುವಿರಾ ಎಂದು ಮುಂದಿನ ವಾರ ಶಾಲೆಯ ಮೇಡಂ ಅವರನ್ನು ಕೇಳಬೇಕು.