ತಟ್ಟೆಯಲ್ಲಿ ಕಂಡದ್ದು ತೋಳಿನಲ್ಲಿ ಕಾಣದು

ಮನೆಯಲ್ಲೇ ಕ್ರಿಸ್ಪರ್ (ಬೇಕಾದ ಜಾಗದಲ್ಲಿ ಕತ್ತರಿಸಿ ಜೀನ್ ತಿದ್ದುವ ವಿಧಾನ) ಕಲಿಸುವ ಕಿಟ್‌ಗಳಲ್ಲಿ ಹೆಚ್ಚು ಹೆಸರಾದದ್ದು ಇ. ಕೋಲಿ ಬ್ಯಾಕ್ಟೀರಿಯಾದ ಆರ್‌ಪಿಎಸ್‌ಎಲ್ ಜೀನ್ ತಿದ್ದುವಂಥದ್ದು. ತಿದ್ದುಪಡಿಯಾದ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ಕಿಗೆ ಸಾಯುವುದಿಲ್ಲ. ಐಸ್ ಮೇಲಿಟ್ಟ ಬ್ಯಾಕ್ಟೀರಿಯಾಕ್ಕೆ ತಿದ್ದುಪಡಿಯ ಸೂಚನೆ ಹೊತ್ತ ಡಿಎನ್‌ಎ ಬೆರೆಸಿ, 42 ಡಿಗ್ರಿ ನೀರಿನಲ್ಲಿ ಅರೆ ನಿಮಿಷ ಅದ್ದಿ, ಸುಧಾರಿಸಿಕೊಳ್ಳಲು ಬಿಟ್ಟು, ಸ್ಟ್ರೆಪ್ಟೊಮೈಸಿನ್ ಹಾಕಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆ) ತಟ್ಟೆಗೆ ಸವರಬೇಕು. ಒಂದೆರಡು ದಿನದಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು ಮೂಡುತ್ತವೆ. ಡಿಎನ್‌ಎ ಹಾಕದ ಇನ್ನೊಂದು ತಟ್ಟೆ ಜೊತೆಗಿರಲೇಬೇಕು. ಅದರಲ್ಲೂ ಅಷ್ಟೇ ಚುಕ್ಕೆ ಬಂದರೆ ಔಷಧ ಕೆಲಸ ಮಾಡಿಲ್ಲ, ಇಲ್ಲವೇ ಬ್ಯಾಕ್ಟೀರಿಯಾ ತಾನಾಗಿಯೇ ಬದಲಾಗಿದೆ. ಆಗ ಫಲಿತಾಂಶ ನಂಬುವ ಹಾಗಿಲ್ಲ.

ಇಲ್ಲಿ ಆಂಟಿಬಯಾಟಿಕ್ ಜರಡಿಯ ಕೆಲಸ ಮಾಡುತ್ತದೆ. ತಿದ್ದುಪಡಿಯಾಗದ ಕೋಟಿಗಟ್ಟಲೆ ಕೋಶಗಳು ಸಾಯುವುದರಿಂದಲೇ ತಿದ್ದುಪಡಿಯಾದ ನಾಲ್ಕಾರು ಕಣ್ಣಿಗೆ ಬೀಳುತ್ತವೆ.

2017ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ, ಇಂಥ ಕಿಟ್ ಮಾರುವ ಜೊಸಾಯ ಜೇನರ್ ತಮ್ಮ ಮುಂದೋಳಿಗೇ ಕ್ರಿಸ್ಪರ್ ಡಿಎನ್‌ಎ ಚುಚ್ಚಿಕೊಂಡರು. ಗುರಿ ಮಯೊಸ್ಟ್ಯಾಟಿನ್, ಸ್ನಾಯು ಬೆಳೆಯದಂತೆ ತಡೆಯುವ ಬ್ರೇಕ್. (ಈ ಬ್ರೇಕ್ ಕೆಟ್ಟ ಬೆಲ್ಜಿಯನ್ ಬ್ಲೂ ದನ ಮೈತುಂಬ ಮಾಂಸ ಹೊತ್ತಿರುತ್ತದೆ, ಕರು ಹಾಕಿಸಲು ಸಾಮಾನ್ಯವಾಗಿ ಹೊಟ್ಟೆ ಕೊಯ್ಯಬೇಕು.) ಜೇನರ್ ತೋಳು ಮಾತ್ರ ದಪ್ಪಗಾಗಲಿಲ್ಲ. ಆಗುವ ಹಾಗೂ ಇರಲಿಲ್ಲ. ಬರಿಯ ಡಿಎನ್‌ಎ ಚುಚ್ಚಿದರೆ ಅದರ ಬಹುಪಾಲು, ಕೋಶದೊಳಗೆ ಸೇರುವ ಮೊದಲೇ ಚೂರಾಗುತ್ತದೆ. ಒಂದು ಸ್ನಾಯುನಾರಿನಲ್ಲಿ ನೂರಾರು ನ್ಯೂಕ್ಲಿಯಸ್. ಒಂದು ಕೆಟ್ಟರೆ ಪಕ್ಕದವು ಮಯೊಸ್ಟ್ಯಾಟಿನ್ ಮಾಡುತ್ತಲೇ ಇರುತ್ತವೆ. ಸಾಲದ್ದಕ್ಕೆ ಅದು ಇಡೀ ದೇಹದ ಸ್ನಾಯುಗಳಿಂದ ರಕ್ತಕ್ಕೂ ಬರುತ್ತದೆ. ತೋಳಿನಲ್ಲಿ ಜರಡಿಯೂ ಇಲ್ಲ. ಚೂರು ಸ್ನಾಯು ಕತ್ತರಿಸಿ ಸೀಕ್ವೆನ್ಸ್ ಮಾಡದೆ, ಎಂದರೆ ಅದರ ಜೀನ್‌ನ ಅಕ್ಷರಕ್ರಮ ಓದದೆ, ಏನಾಯಿತೆಂದು ಯಾರೂ ಹೇಳಲಾರರು.

ಅಪಾಯ ಮಾತ್ರ ಖಂಡಿತ. ಇ. ಕೋಲಿಯಲ್ಲಿ ಬೆಳೆಸಿದ ಡಿಎನ್‌ಎ ಜೊತೆ ಎಂಡೊಟಾಕ್ಸಿನ್ (ಆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ, ಜ್ವರ ತರಿಸುತ್ತದೆ) ಅಂಟಿಕೊಂಡು ಬರುತ್ತದೆ. ಚುಚ್ಚುಮದ್ದಿಗೆ ಇದರ ಮಿತಿ ಸಾಮಾನ್ಯವಾಗಿ ಗಂಟೆಗೆ, ದೇಹತೂಕದ ಕಿಲೋಗೆ 5 ಯೂನಿಟ್. ಕುದಿಸಿದರೂ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಿದರೂ ಅದು ಹೋಗದು. ತಟ್ಟೆಗೆಂದು ಮಾಡಿದ ಡಿಎನ್‌ಎಗೆ ಎಂಡೊಟಾಕ್ಸಿನ್ ಎಷ್ಟಿದೆಯೆಂಬ ಪರೀಕ್ಷೆ ಏಕೆ ಬೇಕು, ಅದು ಮೈಯೊಳಗೆ ಹೋಗುವುದಲ್ಲವಲ್ಲ, ಎಂದುಕೊಂಡಿರುತ್ತಾರೆ!

'ನನ್ನ ದೇಹ, ನನ್ನಿಷ್ಟ' ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಹೊಟ್ಟೆಯ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಕುಡಿದಾಗ ಯಾವ ನೈತಿಕ ಸಮಿತಿಯನ್ನೂ ಕೇಳಲಿಲ್ಲ. ಆದರೆ ಕುಡಿಯುವ ಮೊದಲೂ ಕುಡಿದ ಮೇಲೂ ಎಂಡೊಸ್ಕೊಪಿ ಮಾಡಿಸಿಕೊಂಡರು, ಹೊಟ್ಟೆಯ ಉರಿಯೂತ ದಾಖಲಾಯಿತು. ಅಳತೆಯಿಲ್ಲದೆ ಚುಚ್ಚಿಕೊಳ್ಳುವುದು ಪ್ರದರ್ಶನ. ಸರಕು ಮಾರುವವನೇ ವೇದಿಕೆಯಲ್ಲಿ ಚುಚ್ಚಿಕೊಂಡರೆ ಅದು ಜಾಹೀರಾತೂ ಹೌದು, ನೋಡುವ ಹುಡುಗರು ಅನುಕರಿಸುತ್ತಾರೆ. 2018ರಲ್ಲಿ ಜೇನರ್ ಅವರೇ ಇದಕ್ಕೆ ವಿಷಾದಿಸಿದರು.

ಅಮೆರಿಕದಲ್ಲಿ ಕಾನೂನು ಹಿಡಿಯುವುದು ಮಾರುವವರನ್ನು. ಸ್ವಯಂಬಳಕೆಗೆ ಜೀನ್ ಚಿಕಿತ್ಸೆ ಮಾರುವುದು ಕಾನೂನುಬಾಹಿರವೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲಿ ಹೇಳಿತು. ಕ್ಯಾಲಿಫೋರ್ನಿಯಾ 2020ರಿಂದ ಇಂಥ ಕಿಟ್‌ಗಳಿಗೆ 'ಸ್ವಯಂಬಳಕೆಗಲ್ಲ' ಎಂಬ ಚೀಟಿ ಕಡ್ಡಾಯ ಮಾಡಿತು. ಸಿಗರೇಟು ಪ್ಯಾಕಿನ ಎಚ್ಚರಿಕೆ ಓದಿ ಎಷ್ಟು ಜನ ಬಿಟ್ಟಿದ್ದಾರೆ?

ಭಾರತದಲ್ಲಿ ಅಪಾಯಕಾರಿ ಸೂಕ್ಷ್ಮಾಣು ಮತ್ತು ಜೀನ್ ತಿದ್ದಿದ ಜೀವಿಗಳ ಕುರಿತ 1989ರ ನಿಯಮಗಳು ಸೂಜಿ ಚುಚ್ಚುವವರೆಗೂ ಕಾಯುವುದಿಲ್ಲ. ಜೀನ್ ತಿದ್ದಿದ ಜೀವಾಣುವಿನ ಆಮದು, ದಾಸ್ತಾನು, ಬಳಕೆ ಮೂರೂ ಅವುಗಳ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನ ಮನೆಗೆ ಕಿಟ್ ತರಿಸುವ ಮುಂಚೆ ಅನುಮತಿಯ ಪ್ರಶ್ನೆ ಏಳುತ್ತದೆ. ಅನುಮತಿ ಇರುವ ಲ್ಯಾಬಿನಲ್ಲಿ ಕಲಿತರೂ ಕೆಲಸ ಮುಗಿದ ತಟ್ಟೆಗಳನ್ನು ಕಸದ ಬುಟ್ಟಿಗೆ ಹಾಕಬೇಡಿ: ಆಟೊಕ್ಲೇವ್ ಮಾಡಿ, ಇಲ್ಲವೇ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ತಟ್ಟೆ ಮುಳುಗುವಂತೆ ನೆನೆಹಾಕಿ.