ಮನೆ ಕೆಲಸ: ಜಗಲಿಯ ಮೋಲ್ಡ್ ಮುಗೀತು, ಈಗ ಹೊಸ್ತಿಲ ತಕರಾರು

ಜಗಲಿಯ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕೋದು ಮುಗಿದಿದೆ, ಅದನ್ನು ಹೊತ್ತ ಸೆಂಟ್ರಿಂಗ್ ಹಲಗೆ, ಆಸರೆ ಇನ್ನೂ ಬಿಚ್ಚಿಲ್ಲ. ಕೆಳಗೆ ಕಾಲಿಡೋಕೆ ಜಾಗ ಇಲ್ಲದಷ್ಟು ಸರ್ವೆ ಕಂಬ, ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ಬೀಮ್ 14 ಅಡಿ ಉದ್ದ ಇರೋದರಿಂದ ಕನಿಷ್ಠ 14 ದಿನ ಆಸರೆ ತೆಗೆಯುವ ಹಾಗಿಲ್ಲ. ನಮ್ಮ ಎಂಜಿನಿಯರ್ 21 ಅಂದಿದ್ದಾರೆ. ಅಷ್ಟರಲ್ಲಿ ಇಲ್ಲಿವರೆಗಿನ ಕಥೆ ಬರೆದುಬಿಡೋಣ ಅಂತ.

ಹೊಸದಾಗಿ ಓದುವವರಿಗೆ: ಮೈಸೂರಿನಲ್ಲಿ 40×60 ಸೈಟು, ಪೂರ್ವಕ್ಕೆ ರಸ್ತೆ. ಅತ್ತೆ ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಮನೆಯೊಳಗೆ ಕೂತರೂ ಗಾಳಿ, ಬೆಳಕು, ಮಳೆ ಸದ್ದು ಎಲ್ಲ ಸಿಗಬೇಕು ಅನ್ನೋದು ಆಸೆ.

ಮೊದಲು ಬಂದ ಪ್ಲಾನಿನಲ್ಲಿ ಹಿಂದಿನ ಗೋಡೆ ಪೂರ್ತಿ ಗಾಜು. ತ್ರೀಡಿ ಚಿತ್ರದಲ್ಲಿ ಸಖತ್ತಾಗಿತ್ತು, ಸುಳ್ಳು ಹೇಳಲ್ಲ. ಆದರೆ ಹಿಂದೆ ಅಂದರೆ ಪಶ್ಚಿಮ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ನೇರ ಒಳಗೇ ಬರುತ್ತೆ, ಎಷ್ಟು ಅಗಲದ ಸಜ್ಜಾ ಹಾಕಿದರೂ ಅದನ್ನು ತಡೆಯೋಕಾಗಲ್ಲ. ಆಮೇಲೆ ಏನಾಗುತ್ತೆ? ದಪ್ಪ ಕರ್ಟನ್ ಬರುತ್ತೆ, ಎಸಿ ಬರುತ್ತೆ, ಲಕ್ಷಗಟ್ಟಲೆ ಕೊಟ್ಟ ಗಾಜು ಸುಮ್ನೆ ಗೋಡೆಯಾಗಿ ನಿಲ್ಲುತ್ತೆ. ಇಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತೋಟ ಕಾಣುತ್ತೆ, ತೋಟಕ್ಕೆ ಮಾತ್ರ ಯಾರೂ ಕಾಲಿಡಲ್ಲ. ನನ್ನ ಪ್ರಕಾರ ಒಳಗನ್ನೂ ಹೊರಗನ್ನೂ ಸೇರಿಸೋದು ಗಾಜಲ್ಲ, ಎರಡರ ಮಧ್ಯೆ ಇರುವ ನೆರಳಿನ ಜಾಗ. ಸೊಪ್ಪು ಬಿಡಿಸೋದು, ಪೇಪರ್ ಓದೋದು, ಬಂದವರನ್ನು ಕೂರಿಸಿ ಮಾತಾಡೋದು ಎಲ್ಲ ನಡೆಯೋದು ಅಲ್ಲೇ ಅಲ್ವಾ? ಹಾಗಾಗಿ ಗಾಜಿನ ದುಡ್ಡನ್ನು ಜಗಲಿಗೆ ಹಾಕಿದೆವು. ಏಳು ಅಡಿ ಅಗಲ. ನಾಲ್ಕು ಅಡಿ ಮಾಡಿದರೆ ಅದು ಓಡಾಡುವ ದಾರಿ ಅಷ್ಟೇ, ಕುರ್ಚಿ ಹಾಕಿದರೆ ಮುಗೀತು.

ಯಾವ ದಿಕ್ಕಿಗೆ ಅನ್ನೋದಕ್ಕೆ ಜಾಸ್ತಿ ಚರ್ಚೆ ನಡೆಯಿತು. ಕೊನೆಗೆ ಮನೆಯನ್ನು ದಕ್ಷಿಣಕ್ಕೆ ಸರಿಸಿ ಉತ್ತರಕ್ಕೆ 12 ಅಡಿ ತೋಟ ಬಿಟ್ಟೆವು. ವಾಸ್ತು ನೋಡುವವರಿಗೂ ಉತ್ತರ, ಪೂರ್ವ ಖಾಲಿ ಇದ್ದರೆ ಖುಷಿ, ಆದ್ದರಿಂದ ಮಾವನವರ ಕಡೆಯಿಂದ ತಕರಾರು ಬರಲಿಲ್ಲ. ನನ್ನ ಕಾರಣ ಬೇರೆ. ಮೈಸೂರು ಇರೋದು ಸುಮಾರು 12.3 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ 21ಕ್ಕೂ ನೆತ್ತಿಯಿಂದ ಬರೀ 11 ಡಿಗ್ರಿ ಆಚೆ. ಅಂದರೆ ಏಳು ಅಡಿ ಎತ್ತರದ ಬಾಗಿಲಿಗೆ ಆಗ ಒಂದೂವರೆ ಅಡಿ ಸಜ್ಜಾ ಇದ್ದರೂ ನೆರಳಾಗುತ್ತೆ, ನಮ್ಮದು ಏಳು ಅಡಿ ಜಗಲಿ. ದಕ್ಷಿಣಕ್ಕೆ ತೆರೆದಿದ್ದರೆ ಡಿಸೆಂಬರ್ ಮಧ್ಯಾಹ್ನ ಅದೇ ಬಾಗಿಲಿಗೆ ಐದು ಅಡಿ ಬೇಕಾಗುತ್ತಿತ್ತು. ಜೂನ್ ಸಂಜೆ ಮಾತ್ರ ಬಿಸಿಲು ವಾಯವ್ಯದಿಂದ ನುಗ್ಗುತ್ತೆ. ಅದಕ್ಕೆ ಜಗಲಿಯ ಪಶ್ಚಿಮದ ತುದಿಗೆ ಸುಟ್ಟ ಮಣ್ಣಿನ ತೂತು ತೂತಿನ ಜಾಲಿ ಗೋಡೆ, ಅದರಾಚೆ ಒಂದು ಹೊಂಗೆ ಗಿಡ. ಹೊಂಗೆ ಬಿರುಬೇಸಿಗೆಗೆ ಮುಂಚೆಯೇ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಮತ್ತೆ ಚಿಗುರಿ ನಿಂತಿರುತ್ತೆ. ನಮಗೆ ನೆರಳು ಬೇಕಾಗೋದೂ ಆಗಲೇ.

ಈಗ ಮೋಲ್ಡ್ ವಿಷಯ. ಜಗಲಿಗೆ ಫಿಲ್ಲರ್ ಸ್ಲ್ಯಾಬ್ ಮಾಡಿಸಿದ್ದೇವೆ, ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಊರೂರಿಗೆ ಪರಿಚಯ ಮಾಡಿದ ಪದ್ಧತಿ. ತಾರಸಿಯ ಕೆಳಭಾಗದಲ್ಲಿ ಎಳೆತ ತಡೆಯೋದು ಕಬ್ಬಿಣ, ಅಲ್ಲಿರುವ ಕಾಂಕ್ರೀಟು ಬರೀ ಭಾರ. ಆ ಜಾಗಕ್ಕೆ ಹೆಂಚು ಕೂರಿಸಿದರೆ ಕಾಂಕ್ರೀಟು ಉಳಿಯುತ್ತೆ, ತೂಕವೂ ಕಡಿಮೆ, ಕೆಳಗಿನಿಂದ ನೋಡಿದರೆ ಹೆಂಚಿನ ಸಾಲು ಕಾಣುತ್ತೆ. ಹಳೇ ಮನೆ ಕೆಡವಿದ ಕಡೆಯಿಂದ ಮಂಗಳೂರು ಹೆಂಚು ತಂದೆವು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಹೆಂಚು ಇವತ್ತಿಗೂ ಕೈಯಲ್ಲಿ ಹಿಡಿದು ತಟ್ಟಿದರೆ ಠಣ್ ಅನ್ನುತ್ತೆ, ಬಿರುಕು ಬಿಟ್ಟಿದ್ದರೆ ಸದ್ದು ಮಂಕಾಗುತ್ತೆ. ಮೇಸ್ತ್ರಿ ಒಂದೊಂದನ್ನೂ ಹಾಗೇ ತಟ್ಟಿ ಆರಿಸಿದರು. ಆಮೇಲೆ ಹೆಂಚನ್ನೆಲ್ಲ ಡ್ರಮ್ಮಿನ ನೀರಲ್ಲಿ ನೆನೆಹಾಕಿದೆವು, ಒಣ ಹೆಂಚು ಇಟ್ಟರೆ ಕಾಂಕ್ರೀಟಿನ ನೀರನ್ನೆಲ್ಲ ಅದೇ ಕುಡಿದುಬಿಡುತ್ತೆ. ಕಂಬಿಗಳ ಚೌಕದ ಮಧ್ಯೆ ಎರಡೆರಡು ಹೆಂಚು ಮುಖಾಮುಖಿ ಇಟ್ಟು, ನಡುವೆ ಗಾಳಿ ನಿಲ್ಲುವ ಹಾಗೆ ಮಾಡಿದ್ದು. ಕಾಂಕ್ರೀಟ್ ಸುರಿಯುವವರು ಅದರ ಮೇಲೆ ಕಾಲಿಡದ ಹಾಗೆ ಹಲಗೆ ಹಾಕಿ ನಿಲ್ಲಿಸಬೇಕು. ಬೆಳಗಿಂದ ಸಂಜೆವರೆಗೆ ನಾನು ಕೂಗಿದ್ದು ಅದೊಂದೇ.

ಮನೆ ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ 8×10 ಅಡಿ. ಹಳೇ ತೊಟ್ಟಿ ಮನೆಗಳಲ್ಲಿ ನಾಲ್ಕೂ ಕಡೆ ಮಾಡಿನ ನೀರು ಒಳಕ್ಕೇ ಬೀಳುತ್ತೆ, ನಾವು ಹಾಗೆ ಮಾಡಿಲ್ಲ. ಲೆಕ್ಕ ಹಾಕಿ ನೋಡಿ: 50 ಮಿಲಿಮೀಟರ್ ಜಡಿಮಳೆಗೆ ತೊಟ್ಟಿಯ ಬಾಯಿಂದ ನೇರ ಬೀಳೋದು ಸುಮಾರು 370 ಲೀಟರ್. ಸಾವಿರ ಚದರ ಅಡಿ ತಾರಸಿ ನೀರನ್ನೂ ಅಲ್ಲಿಗೇ ಬಿಟ್ಟರೆ ಇನ್ನೊಂದು 4,600 ಲೀಟರ್ ಸೇರುತ್ತೆ. ಪೈಪಿಗೆ ಒಂದು ಎಲೆ ಸಿಕ್ಕಿಕೊಂಡರೆ ಹಾಲ್ ಕೆರೆ! ಅದಕ್ಕೆ ತಾರಸಿಯ ಇಳಿಜಾರು ಹೊರಕ್ಕೆ, ಆ ನೀರು ನೆಲದಡಿಯ ಸಂಪ್ ತೊಟ್ಟಿಗೆ ಹೋಗುತ್ತೆ. ಮನೆ ಮಧ್ಯದ ತೊಟ್ಟಿಗೆ ಪಾಲಿಕಾರ್ಬೊನೇಟ್ ಶೀಟ್ ಮುಚ್ಚಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಮುಚ್ಚಿದರೆ ಬಿಸಿಗಾಳಿ ಮೇಲೆ ಹೋಗೋದು ಎಲ್ಲಿಂದ? ನಾವು ಗ್ರಿಲ್ ಮಾತ್ರ ಹಾಕುತ್ತೇವೆ, ಕಳ್ಳರಿಗೂ ಕೋತಿಗೂ ಅಷ್ಟು ಸಾಕು.

ಇನ್ನು ಹೊಸ್ತಿಲು. ಹಾಲ್, ಜಗಲಿ ಎರಡಕ್ಕೂ ಸಾದರಹಳ್ಳಿ ಗ್ರಾನೈಟ್ ಕಲ್ಲೇ, ಒಳಗೆ ನುಣುಪು, ಹೊರಗೆ ಒರಟು. ಮಾವನವರಿಗೆ ಮಂಡಿನೋವು, ಹಾಗಾಗಿ ಮೆಟ್ಟಿಲು ಬೇಡ, ಒಂದೇ ಮಟ್ಟ ಇರಲಿ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. "ಮೇಡಂ, ಎರಚಲು ಹೊಡೆದ್ರೆ ನೀರು ನಿಮ್ಮ ಸೋಫಾ ಕೆಳಗೆ ಬರುತ್ತೆ, ಆಮೇಲೆ ನನ್ನ ಬೈಬೇಡಿ." ಅವರ ಮಾತಲ್ಲೂ ಅರ್ಥ ಇದೆ. ಕೊನೆಗೆ ಆಗಿದ್ದು ಹೀಗೆ: ಜಗಲಿ ನೆಲ ಏಳು ಅಡಿಗೆ ಒಂದಿಂಚು ತೋಟದ ಕಡೆ ಇಳಿಯುತ್ತೆ, ಬಾಗಿಲಿನ ಮುಂದೆ ಉದ್ದಕ್ಕೂ ನಾಲ್ಕಿಂಚಿನ ಕಾಲುವೆ, ಅದರ ಮೇಲೆ ಸಂದು ಬಿಟ್ಟ ಕಲ್ಲಿನ ಪಟ್ಟಿ. ಸ್ಲೈಡಿಂಗ್ ಬಾಗಿಲಿನ ಟ್ರ್ಯಾಕಿಗೂ ತೂತು ಕೊರೆದು ನೀರನ್ನು ಅದೇ ಕಾಲುವೆಗೆ ಬಿಡುತ್ತಾರೆ. ರಸಮಟ್ಟ ಇಟ್ಟು ನೋಡಿ ಗೋಡೆ ಮೇಲೆ ಗುರುತು ಹಾಕಿ ಆಗಿದೆ, ಕಲ್ಲು ಹಾಸುವ ಮುಂಚೆ ಹೋಸ್ ಪೈಪ್ ಬಿಟ್ಟು ಪರೀಕ್ಷೆ ಮಾಡೋದು ಅಂತ ಒಪ್ಪಂದ.

ಸೊಳ್ಳೆ ಪರದೆ ಇನ್ನೂ ತೀರ್ಮಾನ ಆಗಿಲ್ಲ. ಮಡಚುವ ಪರದೆ 14 ಅಡಿ ಅಗಲಕ್ಕೆ ದುಬಾರಿ, ಗಾಳಿಗೆ ಹೊಯ್ದಾಡುತ್ತೆ ಅಂತಲೂ ಹೇಳುತ್ತಾರೆ. ಸ್ಲೈಡಿಂಗ್ ಪರದೆ ಹಾಕಿದರೆ ಬಾಗಿಲು ಅರ್ಧ ಮಾತ್ರ ತೆರೆಯುತ್ತೆ. ಅತ್ತೆಯದು ಒಂದೇ ಮಾತು: "ಏನಮ್ಮಾ, ಆರು ಗಂಟೆಗೆ ಬಾಗಿಲು ಹಾಕಿದ್ರೆ ಆಯ್ತಲ್ಲ." ಯಾರಾದರೂ ಅಗಲ ಬಾಗಿಲಿಗೆ ಮಡಚುವ ಪರದೆ ಹಾಕಿಸಿ ಎರಡು ಮೂರು ವರ್ಷ ಬಳಸಿದ್ದರೆ ಹೇಗಿದೆ ತಿಳಿಸಿ. ಬಾಗಿಲಿನ ಆರ್ಡರ್ ಕೊಡುವ ಮುಂಚೆ ಟ್ರ್ಯಾಕ್ ಎರಡೋ ಮೂರೋ ಅಂತ ಹೇಳಬೇಕಂತೆ.